ಪಿಟೀಲು ಬಿಟ್ಟು ವಯೋಲಾ ಹಿಡಿದರೆ ಬದುಕು ನಡೆದೀತೇ?

ಪ್ರಶ್ನೆ: ನನ್ನ ಮಗಳಿಗೆ ಈಗ ಹದಿನೇಳು ವರ್ಷ. ಒಂಬತ್ತು ವರ್ಷಗಳಿಂದ ಪಾಶ್ಚಾತ್ಯ ಶಾಸ್ತ್ರೀಯ ಪಿಟೀಲು ಕಲಿಯುತ್ತಿದ್ದಾಳೆ, ಟ್ರಿನಿಟಿ ಪರೀಕ್ಷೆಗಳಲ್ಲಿ ಎಂಟನೆಯ ಗ್ರೇಡ್ ಮುಗಿಸಿದ್ದಾಳೆ. ಅವಳ ಗುರುಗಳು ಈಗ ಇದ್ದಕ್ಕಿದ್ದಂತೆ, ವಯೋಲಾ ಹಿಡಿಯಲಿ, ಅವಳ ಕೈಗೂ ಕಿವಿಗೂ ಅದೇ ಒಗ್ಗುತ್ತದೆ ಎನ್ನುತ್ತಿದ್ದಾರೆ. ಪಿಟೀಲಿನಲ್ಲಿ ಮುಂದೆ ಬರಲಾರದವರು ವಯೋಲಾಕ್ಕೆ ಹೋಗುತ್ತಾರೆಂದು ಕೇಳಿದ್ದೇನೆ. ವಯೋಲಾ ವಾದಕರ ವೃತ್ತಿಜೀವನ ಹೇಗಿರುತ್ತದೆ? ಕೊನೆಗೆ ಪಾಠ ಹೇಳಿಕೊಂಡೇ ಬದುಕಬೇಕಾಗುತ್ತದೆಯೇ? – ಮೈಸೂರಿನ ಓದುಗರೊಬ್ಬರು

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಅಳುಕುಗಳಿವೆ. ವಯೋಲಾ ಎಂಬುದು ಪಿಟೀಲಿನಲ್ಲಿ ಸೋತವರ ಆಸರೆಯೇ ಎಂಬುದು ಒಂದು. ಪಾಠ ಹೇಳುವುದು ವೇದಿಕೆ ದಕ್ಕದವರ ಪಾಡೇ ಎಂಬುದು ಇನ್ನೊಂದು. ಎರಡಕ್ಕೂ ಒಟ್ಟಿಗೇ ಉತ್ತರ ಕೊಡಬಲ್ಲ ಬದುಕೊಂದಿದೆ. ಅದು 1904ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಹುಟ್ಟಿ, 1982ರಲ್ಲಿ ಅಮೆರಿಕದ ಯೂಟಾ ರಾಜ್ಯದ ಪ್ರೋವೊದಲ್ಲಿ ತೀರಿಕೊಂಡ ವಯೋಲಾ ವಾದಕ ವಿಲಿಯಂ ಪ್ರಿಮ್‌ರೋಸ್ ಅವರದು. ನಿಮ್ಮ ಮಗಳು ಅವರಂತಾಗುತ್ತಾಳೆಂದು ಭರವಸೆ ಕೊಡಲು ನಾನು ಅವರ ಹೆಸರೆತ್ತುತ್ತಿಲ್ಲ. ನೀವು ಕೇಳಿರುವ ಪ್ರಶ್ನೆಗಳೆಲ್ಲ ಅವರಿಗೂ ಎದುರಾಗಿದ್ದವು, ಅವರು ಅವಕ್ಕೆ ಮಾತಿನಲ್ಲಲ್ಲದೆ ಕೆಲಸದಲ್ಲಿ ಉತ್ತರ ಕೊಟ್ಟರು ಎಂಬುದೇ ಕಾರಣ.

ಮೊದಲು ವಾದ್ಯವನ್ನು ಸ್ವಲ್ಪ ತಿಳಿದುಕೊಳ್ಳಬೇಕು. ಪಿಟೀಲಿನ ನಾಲ್ಕು ತಂತಿಗಳು ಕೆಳಗಿನಿಂದ ಮೇಲಕ್ಕೆ ಜಿ, ಡಿ, ಎ, ಇ. ವಯೋಲಾದಲ್ಲಿ ಮೇಲಿನ ಇ ತಂತಿ ಇಲ್ಲ. ಅದರ ಬದಲು ಕೆಳಗೊಂದು ಸಿ ತಂತಿ ಸೇರುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಇಡೀ ವಾದ್ಯ ಷಡ್ಜ-ಪಂಚಮಗಳ ನಡುವಿನ ಅಂತರದಷ್ಟು ಮಂದ್ರಕ್ಕೆ ಇಳಿದಿದೆ. ಶ್ರುತಿ ಅಷ್ಟು ಇಳಿದರೆ ಒಡಲು ಒಂದೂವರೆ ಪಟ್ಟು ಬೆಳೆಯಬೇಕು. ಪಿಟೀಲಿನ ಒಡಲಿನ ಉದ್ದ ಸುಮಾರು 14 ಅಂಗುಲ. ಆ ಲೆಕ್ಕದಲ್ಲಿ ವಯೋಲಾ 21 ಅಂಗುಲ ಇರಬೇಕಿತ್ತು. ಅಷ್ಟುದ್ದದ ವಾದ್ಯವನ್ನು ಗದ್ದದಡಿ ಇಟ್ಟುಕೊಂಡು ನುಡಿಸುವ ತೋಳು ಯಾರಿಗೂ ಇಲ್ಲವಾದ್ದರಿಂದ ವಾದ್ಯ ಮಾಡುವವರು 15ರಿಂದ 17 ಅಂಗುಲದ ನಡುವೆ ಎಲ್ಲೋ ಒಂದು ಕಡೆ ರಾಜಿಯಾಗಿದ್ದಾರೆ. ಒಡಲು ಸಾಲದ ಈ ರಾಜಿಯಿಂದಲೇ ವಯೋಲಾಕ್ಕೆ ಅದರದೇ ಆದ ದನಿ ಬಂದಿದೆ: ತುಸು ಮೂಗಿನಿಂದ ಹೊರಟಂತಿರುವ, ಮೋಡ ಕವಿದ ಸಂಜೆಯಂಥ, ಪಿಟೀಲಿನ ಹೊಳಪಿಲ್ಲದ, ಕಾಲುಗಳ ನಡುವೆ ಇಟ್ಟು ನುಡಿಸುವ ದೊಡ್ಡ ವಾದ್ಯ ಚೆಲ್ಲೋವಿನ ತುಂಬುತನವೂ ಇಲ್ಲದ ದನಿ. ಇದನ್ನು ಕೊರತೆಯೆಂದು ಕೇಳುವವರೂ ಇದ್ದಾರೆ, ಇದಕ್ಕಾಗಿಯೇ ಮನಸೋತವರೂ ಇದ್ದಾರೆ. ಬಾಕ್, ಮೊಜಾರ್ಟ್ ಇಬ್ಬರೂ ಜೊತೆಗೂಡಿ ನುಡಿಸುವಾಗ ವಯೋಲಾ ಹಿಡಿಯಲು ಇಷ್ಟಪಡುತ್ತಿದ್ದರು. ಯುವಕ ಬೀಥೋವನ್ ಬಾನ್ ನಗರದ ಆಸ್ಥಾನ ವಾದ್ಯವೃಂದದಲ್ಲಿ ವಯೋಲಾ ನುಡಿಸಿದರು. ದ್ವೋರ್ಜಾಕ್ ಸಂಯೋಜಕರಾಗಿ ಹೆಸರು ಮಾಡುವ ಮೊದಲು ಪ್ರಾಗ್‌ನ ರಂಗಮಂದಿರವೊಂದರ ಆರ್ಕೆಸ್ಟ್ರಾದಲ್ಲಿ ವರ್ಷಗಟ್ಟಲೆ ವಯೋಲಾ ನುಡಿಸಿಯೇ ಹೊಟ್ಟೆ ಹೊರೆದರು. ಸಂಗೀತದ ಒಳದನಿಗಳು ಹೇಗೆ ಕಟ್ಟಿಕೊಳ್ಳುತ್ತವೆಂದು ಕೇಳಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಆದರೂ ನೀವು ಕೇಳಿರುವ ಮಾತು ಸುಳ್ಳೆಂದು ತಳ್ಳಿಹಾಕಲಾರೆ. ಪಿಟೀಲಿನಲ್ಲಿ ಹಿಂದೆ ಬಿದ್ದವರನ್ನು ವಯೋಲಾಕ್ಕೆ ಕೂರಿಸುವ ರೂಢಿ ಯುರೋಪಿನಲ್ಲಿ ನಿಜವಾಗಿಯೂ ಇತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನ ಸಂಯೋಜಕ ಬರ್ಲಿಯೋಜ್ ಇದರ ಬಗ್ಗೆ ಕಟುವಾಗಿ ಬರೆದಿದ್ದಾರೆ. ಒಳ್ಳೆಯ ವಾದಕರಿಲ್ಲದ್ದರಿಂದ ಯಾರೂ ವಯೋಲಾಕ್ಕೆಂದು ಬರೆಯಲಿಲ್ಲ, ಬರೆದ ಕೃತಿಗಳಿಲ್ಲದ್ದರಿಂದ ಒಳ್ಳೆಯ ವಾದಕರು ಅತ್ತ ಬರಲಿಲ್ಲ. ಈ ಗಾಣದ ಸುತ್ತಿನಿಂದ ವಾದ್ಯವನ್ನು ಮೊದಲು ಹೊರಗೆಳೆದವರು ಇಂಗ್ಲೆಂಡಿನ ಲಯನೆಲ್ ಟರ್ಟಿಸ್. 1876ರಲ್ಲಿ ಹುಟ್ಟಿ ತೊಂಬತ್ತೆಂಟು ವರ್ಷ ಬದುಕಿದ ಈ ಹಟವಾದಿ ತಮ್ಮ ಕಾಲದ ಸಂಯೋಜಕರ ಬೆನ್ನುಹತ್ತಿ ಕೃತಿಗಳನ್ನು ಬರೆಸಿದರು, ಆರ್ಥರ್ ರಿಚರ್ಡ್‌ಸನ್ ಎಂಬ ವಾದ್ಯ ತಯಾರಕರ ಜೊತೆ ಕೂತು ಹದಿನಾರೂ ಮುಕ್ಕಾಲು ಅಂಗುಲದ ಹೊಸ ಮಾದರಿಯ ವಯೋಲಾವನ್ನೇ ರೂಪಿಸಿದರು. (ನಮ್ಮ ಮೈಸೂರಿನ ಟಿ. ಚೌಡಯ್ಯನವರು ಮೈಕ್ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೂ ದನಿ ಮುಟ್ಟಲೆಂದು ಏಳು ತಂತಿಯ ಪಿಟೀಲು ಮಾಡಿಸಿಕೊಂಡದ್ದೂ ಹೆಚ್ಚುಕಡಿಮೆ ಆ ಕಾಲದಲ್ಲೇ. ವಾದ್ಯ ಸಾಲದೆ ಬಂದಾಗ ವಾದ್ಯವನ್ನೇ ತಿದ್ದಿಕೊಳ್ಳುವ ಧೈರ್ಯ ಎರಡೂ ಕಡೆ ಇತ್ತು.) ಟರ್ಟಿಸ್ ಎಡವಿದ್ದೂ ಉಂಟು. ಸಂಯೋಜಕ ವಿಲಿಯಂ ವಾಲ್ಟನ್ ತಮ್ಮ ವಯೋಲಾ ಕನ್ಚರ್ಟೋವನ್ನು (ಆರ್ಕೆಸ್ಟ್ರಾದ ಜೊತೆ ಒಬ್ಬ ವಾದಕ ಮುಖ್ಯವಾಗಿ ನುಡಿಸುವ ದೊಡ್ಡ ಕೃತಿ) ಕಳಿಸಿದಾಗ, ತೀರಾ ಆಧುನಿಕವೆನಿಸಿ ಅದನ್ನು ಹಿಂದಿರುಗಿಸಿಬಿಟ್ಟರು. 1929ರಲ್ಲಿ ಲಂಡನ್ನಿನಲ್ಲಿ ಅದನ್ನು ಮೊದಲು ನುಡಿಸಿದವರು ಸ್ವತಃ ಸಂಯೋಜಕರಾಗಿದ್ದ ಜರ್ಮನಿಯ ಪಾಲ್ ಹಿಂಡೆಮಿತ್. ತಮ್ಮ ತಪ್ಪನ್ನು ಆಮೇಲೆ ಒಪ್ಪಿಕೊಂಡ ಟರ್ಟಿಸ್ ಅದೇ ಕೃತಿಯನ್ನು ತಾವೂ ನುಡಿಸಿದರು.

ಪ್ರಿಮ್‌ರೋಸ್ ಬಂದದ್ದು ಟರ್ಟಿಸ್ ತೆರೆದ ಈ ದಾರಿಯಲ್ಲಿ. ಅವರ ತಂದೆಯೇ ವೃತ್ತಿಪರ ಪಿಟೀಲು ವಾದಕರು, ಶಿಕ್ಷಕರು. ಮನೆಯಲ್ಲಿ ಅಮಾಟಿ ಸಹೋದರರು ಮಾಡಿದ ಹಳೆಯ ವಯೋಲಾ ಇತ್ತು. ಮಗ ಪಿಟೀಲಿನವನಾಗಲೆಂಬುದು ತಂದೆಯ ಆಸೆಯಾದರೂ ಹುಡುಗನ ಕೈ ಆ ವಯೋಲಾದತ್ತಲೇ ಹೋಗುತ್ತಿತ್ತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯಲ್ಲಿ ಚಿನ್ನದ ಪದಕದೊಂದಿಗೆ ಪಿಟೀಲಿನ ವ್ಯಾಸಂಗ ಮುಗಿಸಿ, 1926ರಿಂದ ಮೂರು ವರ್ಷ ಬೆಲ್ಜಿಯಂನಲ್ಲಿ ಯುಜೀನ್ ಇಸಾಯಿ ಅವರಲ್ಲಿ ಕಲಿತರು. ಇಸಾಯಿ ಆ ಕಾಲದ ಪಿಟೀಲಿನ ಮೇರು. ಆ ಮೇರುವೇ ಶಿಷ್ಯನ ನಾದ ಕೇಳಿ, ನಿನಗೆ ವಯೋಲಾ ಹೆಚ್ಚು ಒಪ್ಪುತ್ತದೆ ಎಂದರು. ನಿಮ್ಮ ಮಗಳ ಗುರುಗಳು ಹೇಳಿದ್ದೂ ಇದೇ ಮಾತು ಎಂಬುದನ್ನು ಗಮನಿಸಿ. ಶಿಷ್ಯ ಕಳಪೆಯೆಂದು ಇಸಾಯಿ ಹಾಗೆ ಹೇಳಲಿಲ್ಲ. ಅವನು ಎಳೆಯುವ ನಾದದಲ್ಲಿ ಮಂದ್ರದ ಕಡೆಗೊಂದು ಒಲವಿರುವುದು ಅವರ ಕಿವಿಗೆ ಬಿದ್ದಿತ್ತು.

1930ರಲ್ಲಿ ಲಂಡನ್ ಸ್ಟ್ರಿಂಗ್ ಕ್ವಾರ್ಟೆಟ್ ಎಂಬ ತಂಡದಲ್ಲಿ ವಯೋಲಾ ಸ್ಥಾನ ತೆರವಾಗಿ, ಅದಕ್ಕೆ ಬರುವಂತೆ ಪ್ರಿಮ್‌ರೋಸ್‌ಗೆ ಕರೆ ಬಂತು. ಏಕವ್ಯಕ್ತಿ ಪಿಟೀಲು ವಾದಕನಾಗಿ ಹೆಸರಾಗುತ್ತಿದ್ದ ಇಪ್ಪತ್ತಾರರ ತರುಣ ಅದನ್ನು ಬಿಟ್ಟು ನಾಲ್ವರ ತಂಡದಲ್ಲಿ ಮೂರನೆಯವನಾಗಿ ಕೂರುವುದೆಂದರೆ, ಮುಖ್ಯ ಗಾಯಕನಾಗಬಹುದಾದವನು ತಂಬೂರಿ ಹಿಡಿದನೆಂದು ಜನ ಆಡಿಕೊಳ್ಳುವಂಥ ಹೆಜ್ಜೆ. ಅವರು ಪಿಟೀಲನ್ನು ಕೆಳಗಿಟ್ಟರು. ಐದು ವರ್ಷ ಆ ತಂಡ ಅಮೆರಿಕ ಖಂಡಗಳನ್ನು ಸುತ್ತಿತು. ಆರ್ಥಿಕ ಕುಸಿತದ ಆ ದಿನಗಳಲ್ಲಿ 1935ಕ್ಕೆ ಹಣ ಸಾಲದೆ ಮುಚ್ಚಿಹೋಯಿತು. ವೃತ್ತಿಜೀವನದ ವಿಷಯ ಕೇಳಿದ್ದೀರಾದ್ದರಿಂದ ಇದನ್ನು ಒತ್ತಿ ಹೇಳುತ್ತೇನೆ: ಜಗತ್ತಿನ ಅತ್ಯುತ್ತಮ ವಯೋಲಾ ವಾದಕರೆನಿಸಲಿದ್ದ ವ್ಯಕ್ತಿ ಮೂವತ್ತೊಂದನೆಯ ವಯಸ್ಸಿನಲ್ಲಿ ಕೆಲಸವಿಲ್ಲದೆ ನಿಂತಿದ್ದರು.

1937ರಲ್ಲಿ ನ್ಯೂಯಾರ್ಕಿನಲ್ಲಿ ಹೆಸರಾಂತ ವಾದ್ಯವೃಂದ ನಿರ್ದೇಶಕ ಟೋಸ್ಕನಿನಿ ಅವರಿಗಾಗಿಯೇ ಎನ್‌ಬಿಸಿ ರೇಡಿಯೋ ಕಟ್ಟಿದ ಆರ್ಕೆಸ್ಟ್ರಾದಲ್ಲಿ ಪ್ರಿಮ್‌ರೋಸ್ ವಯೋಲಾ ವಿಭಾಗ ಸೇರಿದರು. ಅಲ್ಲಿನ ಸಹವಾದಕರನ್ನೇ ಕೂಡಿಸಿಕೊಂಡು ತಮ್ಮ ಹೆಸರಿನ ಕ್ವಾರ್ಟೆಟ್ ಕಟ್ಟಿದರು. 1941ರಲ್ಲಿ ಆ ಕೆಲಸ ಬಿಟ್ಟು, ವಯೋಲಾವನ್ನೊಂದೇ ನಂಬಿ ಏಕವ್ಯಕ್ತಿ ಕಛೇರಿಗಳಿಗೆ ಇಳಿದರು. ಪಗನಿನಿಯ ಪಿಟೀಲು ಕೃತಿಗಳನ್ನು ಅವರು ವಯೋಲಾದ ಮೇಲೆ ನುಡಿಸುವುದನ್ನು ಕೇಳಿದ ಪಿಟೀಲು ವಾದಕ ಮಿಷಾ ಎಲ್ಮನ್, ಇದು ವಯೋಲಾದಲ್ಲಿ ಸುಲಭವಿರಬೇಕು ಎಂದರೆಂಬ ಮಾತು ವಯೋಲಾದವರ ನಡುವೆ ಇಂದಿಗೂ ನಗೆಯುಕ್ಕಿಸುತ್ತದೆ. ನಿಜವೆಂದರೆ ದಪ್ಪ ತಂತಿ, ಅಗಲದ ಸ್ವರಾಂತರ, ಭಾರದ ಕಮಾನು, ಇವೆಲ್ಲದರಿಂದ ಅದು ಬಹಳ ಕಷ್ಟ. ಕಷ್ಟ ಕಾಣಿಸದಂತೆ ನುಡಿಸುವುದು ಪ್ರಿಮ್‌ರೋಸ್ ಅವರ ಗುಟ್ಟಾಗಿತ್ತು.

ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಬಾರ್ಟೋಕ್ ಪ್ರಸಂಗ. ಹಂಗೆರಿಯಿಂದ ಬಂದು ನ್ಯೂಯಾರ್ಕಿನಲ್ಲಿ ಕಾಯಿಲೆ, ಹಣದ ಅಡಚಣೆಗಳಲ್ಲಿ ದಿನ ದೂಡುತ್ತಿದ್ದ ಬೇಲಾ ಬಾರ್ಟೋಕ್ ಅವರಲ್ಲಿ ಪ್ರಿಮ್‌ರೋಸ್ ಒಂದು ವಯೋಲಾ ಕನ್ಚರ್ಟೋ ಬರೆದುಕೊಡಲು ಕೇಳಿದರು. 1945ರ ಸೆಪ್ಟೆಂಬರ್ ಮೊದಲ ಭಾಗದಲ್ಲಿ ಬಾರ್ಟೋಕ್ ಅವರಿಂದ ಪತ್ರ ಬಂತು: ಕರಡು ಮುಗಿದಿದೆ, ಆರ್ಕೆಸ್ಟ್ರಾಕ್ಕೆ ಬಿಡಿಸಿ ಬರೆಯುವ ಯಾಂತ್ರಿಕ ಕೆಲಸವಷ್ಟೇ ಬಾಕಿ. ಅದೇ ತಿಂಗಳ 26ರಂದು ಅವರು ತೀರಿಕೊಂಡರು. ಉಳಿದದ್ದು ಕೆಲವು ಬಿಡಿ ಹಾಳೆಗಳು. ಎಲ್ಲಿಂದ ಎಲ್ಲಿಗೆ ಎಂಬುದೂ ಎಷ್ಟೋ ಕಡೆ ಸ್ಪಷ್ಟವಿಲ್ಲ. ಆರ್ಕೆಸ್ಟ್ರಾದಲ್ಲಿ ಯಾವ ವಾದ್ಯಕ್ಕೆ ಯಾವ ಸಾಲು ಎಂಬ ಸೂಚನೆಯಂತೂ ಬಹುಪಾಲು ಇಲ್ಲ. ಬಾರ್ಟೋಕ್ ಅವರ ಮಿತ್ರರೂ ಸ್ವತಃ ವಯೋಲಾ ವಾದಕರೂ ಆದ ಟಿಬೋರ್ ಸೆರ್ಲಿ ಅವನ್ನು ತಾಳ್ಮೆಯಿಂದ ಜೋಡಿಸಿದರು. 1949ರ ಡಿಸೆಂಬರ್ 2ರಂದು ಮಿನಿಯಾಪೊಲಿಸ್‌ನಲ್ಲಿ ಆಂಟಲ್ ಡೊರಾಟಿ ಅವರ ನಿರ್ದೇಶನದಲ್ಲಿ ಪ್ರಿಮ್‌ರೋಸ್ ಅದನ್ನು ಮೊದಲ ಬಾರಿಗೆ ನುಡಿಸಿದರು. ಮರುವರ್ಷ ಬೆಂಜಮಿನ್ ಬ್ರಿಟನ್ ಕೂಡ ಅವರಿಗಾಗಿ ಒಂದು ಕೃತಿ ಬರೆದರು. ಇಂದು ಜಗತ್ತಿನ ಯಾವ ದೊಡ್ಡ ಆರ್ಕೆಸ್ಟ್ರಾದ ವಯೋಲಾ ಆಯ್ಕೆಗೆ ಹೋದರೂ ಬಾರ್ಟೋಕ್, ವಾಲ್ಟನ್, ಹಿಂಡೆಮಿತ್, ಈ ಮೂವರಲ್ಲಿ ಒಬ್ಬರ ಕನ್ಚರ್ಟೋ ನುಡಿಸುವಂತೆ ಕೇಳುವುದೇ ಹೆಚ್ಚು. ಅಂದರೆ, ಇಂದಿನ ವಿದ್ಯಾರ್ಥಿಗಳ ಪರೀಕ್ಷೆಯ ಪಠ್ಯದ ಒಂದು ಪಾಲೇ ಒಬ್ಬ ವಾದಕರು ಕೇಳಿ ಬರೆಸಿಕೊಂಡ ಫಲ. ಪಿಟೀಲಿನವರಿಗೆ ಮುನ್ನೂರು ವರ್ಷಗಳ ಆಸ್ತಿ ಪಿತ್ರಾರ್ಜಿತವಾಗಿ ಬರುತ್ತದೆ. ವಯೋಲಾದವರು ಬಹುಮಟ್ಟಿಗೆ ಸ್ವಯಾರ್ಜಿತದ ಮೇಲೆ ನಿಂತವರು.

ಇನ್ನು ಪಾಠದ ವಿಷಯ. ಪ್ರಿಮ್‌ರೋಸ್ ಫಿಲಡೆಲ್ಫಿಯಾದ ಕರ್ಟಿಸ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿಸಲು ತೊಡಗಿದ್ದು 1940ರ ದಶಕದ ಆರಂಭದಲ್ಲಿ, ಅವರ ಕೀರ್ತಿ ಏರುತ್ತಿದ್ದಾಗಲೇ. ವಯೋಲಾಕ್ಕೆಂದೇ ಸ್ವರಶ್ರೇಣಿಗಳ ಅಭ್ಯಾಸ ಪುಸ್ತಕ ಬರೆದರು. 1960ರ ದಶಕದಲ್ಲಿ ಲಾಸ್ ಏಂಜಲಿಸ್‌ನ ವಿಶ್ವವಿದ್ಯಾಲಯದಲ್ಲಿ ಪಿಟೀಲಿನ ಹೈಫೆಟ್ಜ್, ಚೆಲ್ಲೋದ ಪಿಯಾಟಿಗೋರ್ಸ್ಕಿ ಅವರೊಂದಿಗೆ, ಆಮೇಲೆ 1965ರಿಂದ 1972ರವರೆಗೆ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ, ಮುಂದೆ ಜಪಾನಿನಲ್ಲಿ, ಕೊನೆಗೆ ಪ್ರೋವೊದ ಬ್ರಿಗಂ ಯಂಗ್ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅವರ ಹೆಸರಿನ ವಯೋಲಾ ಸಂಗ್ರಹಾಲಯ ಇರುವುದೂ ಅಲ್ಲೇ. ವೇದಿಕೆಯಿಂದ ಇಳಿದ ಮೇಲೆ ಉಳಿದದ್ದು ಪಾಠ ಎನ್ನುವ ಹಾಗಿಲ್ಲ. ಎರಡೂ ಇಪ್ಪತ್ತು ವರ್ಷ ಜೊತೆಯಲ್ಲೇ ಸಾಗಿದವು.

ಅವರ ಶಿಷ್ಯರಲ್ಲಿ ಒಬ್ಬರನ್ನು ಮಾತ್ರ ಹತ್ತಿರದಿಂದ ನೋಡೋಣ. ಕ್ಯಾರನ್ ಟಟಲ್ ಎಂಬ ಯುವತಿ ಪಿಟೀಲು ವಾದಕಿಯಾಗಿದ್ದರು. ಪ್ರಿಮ್‌ರೋಸ್ ನುಡಿಸುವುದನ್ನು ಕೇಳಿ, ದೇಹಕ್ಕೆ ಇಷ್ಟೂ ಬಿಗಿಯಿಲ್ಲದೆ ಇದನ್ನು ನುಡಿಸುವುದು ಸಾಧ್ಯವೇ ಎಂದು ಬೆರಗಾಗಿ ಅವರಲ್ಲಿ ಕಲಿಯಲು ಬಂದರು, ವಯೋಲಾಕ್ಕೆ ಬದಲಾದರು. ಪ್ರಿಮ್‌ರೋಸ್ ಸಹಜ ಪ್ರತಿಭೆ. ತಮ್ಮ ಕೈ ಏನು ಮಾಡುತ್ತದೆಂಬುದನ್ನು ಬಿಡಿಸಿ ಹೇಳುವುದು ಅವರಿಗೆ ಸುಲಭವಿರಲಿಲ್ಲ. ಟಟಲ್ ನೋಡಿ ನೋಡಿ ಅದನ್ನು ಅರ್ಥಮಾಡಿಕೊಂಡರು: ಕಮಾನು ದಿಕ್ಕು ಬದಲಿಸುವ ಗಳಿಗೆಯಲ್ಲಿ ಕತ್ತು ಎಲ್ಲಿರುತ್ತದೆ, ಭುಜ ಯಾವಾಗ ಸಡಿಲವಾಗುತ್ತದೆ, ಉಸಿರು ಯಾವಾಗ ಹೊರಗೆ ಹೋಗುತ್ತದೆ. ಅದನ್ನೇ ಒಂದು ಬೋಧನಾ ಕ್ರಮವಾಗಿ ಬೆಳೆಸಿ ಕರ್ಟಿಸ್, ಜೂಲಿಯಾರ್ಡ್, ಪೀಬಾಡಿ ಮೊದಲಾದ ಕಡೆ ದಶಕಗಳ ಕಾಲ ಕಲಿಸಿದರು. ಅವರ ಶಿಷ್ಯೆ ಕಿಮ್ ಕಶ್ಕಶಿಯನ್ 2013ರಲ್ಲಿ ವಯೋಲಾ ವಾದನಕ್ಕೆ ಗ್ರ್ಯಾಮಿ ಪಡೆದರು, ಬಾಸ್ಟನ್ನಿನಲ್ಲಿ ತಾವೂ ಕಲಿಸುತ್ತಾರೆ. ಪ್ರಿಮ್‌ರೋಸ್ ನುಡಿಸಿದ್ದು ಧ್ವನಿಮುದ್ರಿಕೆಗಳಲ್ಲಿ ಇದೆ, ನಿಜ. ಆದರೆ ಅವರ ಕೈ ದಾಟಿ ಬಂದದ್ದು ಈ ಶಿಷ್ಯಪರಂಪರೆಯಲ್ಲಿ. ಬಿಡಾರಂ ಕೃಷ್ಣಪ್ಪನವರಿಂದ ಚೌಡಯ್ಯನವರಿಗೆ ಏನು ಬಂತೆಂದು ಬಲ್ಲ ಮೈಸೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಇಂದಿನ ಕೆಲಸದ ಮಾತಿಗೆ ಬರುತ್ತೇನೆ. ಪೂರ್ಣ ಗಾತ್ರದ ಸಿಂಫನಿ ಆರ್ಕೆಸ್ಟ್ರಾದಲ್ಲಿ ಸಾಮಾನ್ಯವಾಗಿ ಮೂವತ್ತು ಪಿಟೀಲುಗಳಿಗೆ ಹನ್ನೆರಡು ವಯೋಲಾಗಳಿರುತ್ತವೆ. ಕುರ್ಚಿ ಕಡಿಮೆ, ಆದರೆ ಸ್ಪರ್ಧಿಗಳೂ ಪಿಟೀಲಿಗಿಂತ ಕಡಿಮೆ. ಹಾಗೆಂದು ದಾರಿ ಸುಲಭವಲ್ಲ. ಹೆಸರಾಂತ ಆರ್ಕೆಸ್ಟ್ರಾದ ಒಂದು ಸ್ಥಾನಕ್ಕೆ ನೂರಾರು ಅರ್ಜಿಗಳು ಬರುವುದುಂಟು. ಮೊದಲ ಸುತ್ತುಗಳನ್ನು ಅನೇಕ ಕಡೆ ಪರದೆಯ ಹಿಂದೆ ನುಡಿಸಬೇಕು. ರಿಚರ್ಡ್ ಸ್ಟ್ರಾಸ್ ಅವರ ಒಂದು ಪುಟವೋ ಮೆಂಡೆಲ್ಸನ್ ಅವರ ಒಂದು ಸ್ಕೆರ್ಟ್ಸೋ ಎಂಬ ಚುರುಕು ನಡೆಯ ಭಾಗವೋ ಎರಡು ನಿಮಿಷದಲ್ಲಿ ವರ್ಷಗಳ ಶ್ರಮವನ್ನು ತೂಗಿಬಿಡುತ್ತದೆ. ಆದ್ದರಿಂದ ಬಹುಪಾಲು ವಯೋಲಾ ವಾದಕರ ಬದುಕು ಹಲವು ಎಳೆಗಳನ್ನು ಹೊಸೆದ ಹಗ್ಗ: ಸ್ವಲ್ಪ ಆರ್ಕೆಸ್ಟ್ರಾ, ಸ್ವಲ್ಪ ಕ್ವಾರ್ಟೆಟ್, ಸ್ಟುಡಿಯೋ ಧ್ವನಿಮುದ್ರಣ, ಮತ್ತು ಪಾಠ. ಇವುಗಳಲ್ಲಿ ಪಾಠವೇ ಎಲ್ಲಕ್ಕಿಂತ ನಂಬಿಕೆಯ ಎಳೆ ಎಂಬುದನ್ನು ನಾಚಿಕೆಯಿಲ್ಲದೆ ಹೇಳುತ್ತೇನೆ, ಏಕೆಂದರೆ ನನ್ನ ಮನೆ ನಡೆದದ್ದೂ ಅದರಿಂದಲೇ.

ಭಾರತದಲ್ಲಿ ಸ್ಥಿತಿ ಇನ್ನೂ ಇಕ್ಕಟ್ಟು. ಮುಂಬೈಯ ರಂಗಕಲೆಗಳ ಕೇಂದ್ರ ಎನ್‌ಸಿಪಿಎಯಲ್ಲಿ 2006ರಲ್ಲಿ ಆರಂಭವಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ಇದೆ. ಅದರಲ್ಲೂ ವಿದೇಶಿ ವಾದಕರು ಬಹಳ. ಚೆನ್ನೈನ ಸಿನಿಮಾ ಧ್ವನಿಮುದ್ರಣಗಳಲ್ಲಿ ತಂತಿವಾದ್ಯದವರಿಗೆ ಒಂದು ಕಾಲದಲ್ಲಿ ಬಿಡುವಿಲ್ಲದ ಕೆಲಸವಿತ್ತು; ಕಂಪ್ಯೂಟರಿನ ನಾದ ಬಂದ ಮೇಲೆ, ಕೆಲವರು ಬುಡಾಪೆಸ್ಟ್‌ನಂಥ ಊರುಗಳ ಆರ್ಕೆಸ್ಟ್ರಾಗಳಿಂದ ನುಡಿಸಿ ತರಲು ತೊಡಗಿದ ಮೇಲೆ ಅದು ಕುಗ್ಗಿದೆ. ಕರ್ನಾಟಕ ಸಂಗೀತದಲ್ಲಿ ಬಾಲಮುರಳಿಕೃಷ್ಣ ವಯೋಲಾ ನುಡಿಸಿ ತೋರಿಸಿದರು, ಆದರೆ ಅದು ದೊಡ್ಡ ಪರಂಪರೆಯಾಗಿ ಬೆಳೆಯಲಿಲ್ಲ. ಮೈಸೂರಿಗೂ ಪಾಶ್ಚಾತ್ಯ ಸಂಗೀತಕ್ಕೂ ಹಳೆಯ ನಂಟಿದೆ. ಲಂಡನ್ನಿನ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾಕ್ಕೆ ಅದರ ಮೊದಲ ವರ್ಷಗಳಲ್ಲಿ ಆಸರೆಯಾದವರಲ್ಲಿ ಜಯಚಾಮರಾಜ ಒಡೆಯರ್ ಒಬ್ಬರು. ರಷ್ಯದ ಸಂಯೋಜಕ ಮೆಟ್ನರ್ ಅವರ ಧ್ವನಿಮುದ್ರಣಗಳಿಗೂ ಹಣ ಕೊಟ್ಟವರು. ಆದರೆ ಆ ಅಭಿರುಚಿ ಅರಮನೆಯಿಂದ ಹೊರಗೆ ಆರ್ಕೆಸ್ಟ್ರಾ ಆಗಿ ಬೆಳೆಯಲಿಲ್ಲ. ಆದ್ದರಿಂದ ವಾದಕಿಯಾಗಿ ಬದುಕಬೇಕೆಂದರೆ ನಿಮ್ಮ ಮಗಳು ಕೆಲವು ವರ್ಷಗಳಾದರೂ ಹೊರದೇಶದಲ್ಲಿ ಕಲಿಯಬೇಕಾಗುತ್ತದೆ. ಖರ್ಚಿನ ಭಯಕ್ಕೆ ಎರಡು ಮಾತು: ಪ್ರಿಮ್‌ರೋಸ್ ಕಲಿಸಿದ ಕರ್ಟಿಸ್‌ನಲ್ಲಿ ಆಯ್ಕೆಯಾದ ಯಾರಿಗೂ ಬೋಧನಾ ಶುಲ್ಕವಿಲ್ಲ, ಆದರೆ ಆಯ್ಕೆಯಾಗುವುದು ಬಹಳ ಕಷ್ಟ, ಜರ್ಮನಿಯ ಹಲವು ರಾಜ್ಯಗಳ ಸರ್ಕಾರಿ ಸಂಗೀತ ಕಾಲೇಜುಗಳಲ್ಲಿ ಶುಲ್ಕ ಇಲ್ಲ ಅಥವಾ ಅತ್ಯಲ್ಪ, ಊಟ-ವಸತಿಯದೇ ಖರ್ಚು. ಅಲ್ಲಿನ ಪ್ರವೇಶಕ್ಕೆ ಸ್ಟಾಮಿಟ್ಸ್ ಅಥವಾ ಹೋಫ್‌ಮೈಸ್ಟರ್ ಅವರ ಕನ್ಚರ್ಟೋ, ಬಾಕ್ ಅವರ ಚೆಲ್ಲೋ ಸೂಟ್‌ಗಳ (ನೃತ್ಯಲಯದ ಬಿಡಿ ಭಾಗಗಳ ಮಾಲೆಗಳು) ವಯೋಲಾ ರೂಪ, ಜೊತೆಗೆ ಜರ್ಮನ್ ಭಾಷೆ, ಇಷ್ಟನ್ನು ಸಿದ್ಧಪಡಿಸಿಕೊಳ್ಳಬೇಕು.

ಬದಲಾವಣೆಯ ಮೊದಲ ವಾರಗಳಲ್ಲಿ ಏನಾಗುತ್ತದೆಂದು ನೀವು ಮನೆಯಲ್ಲೇ ನೋಡುವಿರಿ. ವಯೋಲಾದ ಸಂಗೀತವನ್ನು ಬರೆಯುವುದು ಬೇರೆ ಕ್ಲೆಫ್‌ನಲ್ಲಿ, ಅಂದರೆ ಯಾವ ಗೆರೆ ಯಾವ ಸ್ವರವೆಂದು ಹೇಳುವ ಬೇರೆ ಗುರುತಿನಲ್ಲಿ. ಪಿಟೀಲಿನವರು ಬಿ ಎಂದು ಓದುವ ನಡುಗೆರೆ ಇಲ್ಲಿ ಅದಕ್ಕಿಂತ ಬಹಳ ಕೆಳಗಿನ ಸಿ. ಪಿಟೀಲಿನ ಮೂರನೆಯ ಪೊಸಿಷನ್ನಿನಲ್ಲಿ (ಎಡಗೈ ಕತ್ತಿನ ಮೇಲೆ ಇನ್ನಷ್ಟು ಒಳಗೆ ಸರಿದು ನಿಲ್ಲುವ ಸ್ಥಾನ) ಇದ್ದೇನೆಂದು ಭಾವಿಸಿಕೊಂಡರೆ ಬೆರಳುಗಳು ತಾವಾಗಿ ಸರಿಯಾದ ಜಾಗಕ್ಕೆ ಬೀಳುವ ಒಂದು ಉಪಾಯವಿದೆ. ಅವಸರದ ರಿಹರ್ಸಲ್‌ಗೆ ಅದು ಒದಗುತ್ತದೆ, ಆದರೆ ರೂಢಿಯಾದರೆ ಬಿಡಿಸುವುದು ಕಷ್ಟ. ಹಾಗೆ ಕಲಿತು ಬಂದ ಹುಡುಗನೊಬ್ಬನಿಗೆ ನಾನು ಒಂದು ತಿಂಗಳು ವಾದ್ಯ ಮುಟ್ಟಿಸದೆ ಸ್ವರಗಳ ಹೆಸರು ಓದಿಸಬೇಕಾಯಿತು. ಇನ್ನೊಂದು, ಸಿ ತಂತಿ. ಪಿಟೀಲಿನ ಅಭ್ಯಾಸದಲ್ಲಿ ಕಮಾನನ್ನು ಜೋರಾಗಿ ಎಳೆದರೆ ಅದು ಗೊರಗೊರ ಎನ್ನುತ್ತದೆ, ಸ್ವರ ಹುಟ್ಟುವುದಿಲ್ಲ. ಕಮಾನನ್ನು ತಂತಿಯ ಮೇಲಿಟ್ಟು, ತೋಳಿನ ಭಾರ ಇಳಿಯಲು ಬಿಟ್ಟು, ಒಂದು ಗಳಿಗೆ ಕಾದು, ಆಮೇಲೆ ನಿಧಾನ ಎಳೆಯಬೇಕು. ಆಗ ದನಿ ಕಿವಿಗಿಂತ ಮೊದಲು ಗದ್ದದ ಮೂಳೆಗೆ, ಕೊರಳೆಲುಬಿಗೆ ತಿಳಿಯುತ್ತದೆ. ಆ ಕಂಪನ ಮೊದಲ ಸಲ ಮೈಗೆ ಹತ್ತಿದಾಗ ಕೆಲವು ಮಕ್ಕಳು ನುಡಿಸುವುದನ್ನು ನಿಲ್ಲಿಸಿ ನಗುತ್ತಾರೆ. ಕೆಲವರು ಏನೂ ಆಗದವರಂತೆ ಮುಂದಿನ ಸ್ವರಕ್ಕೆ ಹೋಗುತ್ತಾರೆ. ವರ್ಷಗಳ ಅನುಭವದಲ್ಲಿ, ಎರಡನೆಯ ಗುಂಪಿನವರಿಗೆ ಪಿಟೀಲಿಗೇ ಮರಳಲು ಹೇಳಿದ್ದೇನೆ.

ಆದ್ದರಿಂದ ಈಗಲೇ ವಾದ್ಯ ಕೊಳ್ಳಬೇಡಿ. ಹದಿನೈದೂವರೆ ಅಂಗುಲದ ವಯೋಲಾವನ್ನು ಮೂರು ತಿಂಗಳಿಗೆ ಬಾಡಿಗೆಗೋ ಎರವಲೋ ತನ್ನಿ. ವಾದ್ಯ ಗದ್ದದಡಿ ಇಟ್ಟು ಎಡಗೈಯನ್ನು ವಾದ್ಯದ ತುದಿಯ ಸುರುಳಿಯ ತನಕ ಚಾಚಿದಾಗ ಮೊಣಕೈ ಪೂರ್ತಿ ನೆಟ್ಟಗಾಗಬಾರದು. ಹಾಗಾದರೆ ಇನ್ನೂ ಚಿಕ್ಕದು ಬೇಕು, ಅದರಲ್ಲಿ ಅವಮಾನವೇನಿಲ್ಲ, ತೋಳು ನೋವು ಮಾಡಿಕೊಂಡು ದೊಡ್ಡ ವಾದ್ಯ ಹಿಡಿಯುವುದೇ ಮೂರ್ಖತನ. ಪಿಟೀಲನ್ನು ಪೂರ್ತಿ ಮುಚ್ಚಿಡುವುದೂ ಬೇಡ. ಬಾಕ್ ಅವರ ಮೊದಲ ಸೂಟ್ ಅನ್ನು ನಿಧಾನವಾಗಿ ಕಲಿಯಲಿ, ಮತ್ತು ಮುಖ್ಯವಾಗಿ ಬೆಂಗಳೂರಿನಲ್ಲಿ ಯಾರಾದರೂ ಕ್ವಾರ್ಟೆಟ್ ನುಡಿಸುವವರ ಜೊತೆ ಹೈಡನ್ ಅವರದೊಂದು ಕೃತಿಯಲ್ಲಿ ವಯೋಲಾದ ಪಾಲನ್ನು ನುಡಿಸಿ ಬರಲಿ. ವಯೋಲಾದವರು ಎಲ್ಲಿ ಹೋದರೂ ಕಡಿಮೆಯೇ, ಬಾ ಎಂದು ಕರೆಯುವವರು ಸಿಕ್ಕೇ ಸಿಗುತ್ತಾರೆ. ಮನೆಗೆ ಬಂದ ಮೇಲೆ, ನಿನ್ನ ಪಾಲು ಹೇಗಿತ್ತು ಎಂದು ಕೇಳಿ. ತನ್ನದನ್ನು ಬಿಟ್ಟು ಪಕ್ಕದ ಚೆಲ್ಲೋದವರು ಏನು ನುಡಿಸಿದರು, ಎರಡನೆಯ ಪಿಟೀಲಿನವರು ಎಲ್ಲಿ ತಡವಾದರು ಎಂದು ಹೇಳತೊಡಗಿದರೆ ಅವಳ ಗುರುಗಳ ಕಿವಿ ಸರಿಯಾಗಿದೆಯೆಂದು ತಿಳಿದು ಮುಂದಿನ ವಾದ್ಯದ ವಿಚಾರಕ್ಕೆ ನನಗೆ ಇನ್ನೊಂದು ಪತ್ರ ಬರೆಯಿರಿ.